ಅಲಾರಾಂ ಕೂಗಿದರೆ ಬಾಯಿ ಮುಚ್ಚಿಸಬೇಡಿ
ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳ ಪದಾಧಿಕಾರಿಗಳಿಗೂ ನಿವಾಸಿಗಳಿಗೂ ಒಂದು ಬಹಿರಂಗ ಪತ್ರ



ನಿಮ್ಮ ಕಟ್ಟಡದ ಸೆಕ್ಯುರಿಟಿ ಕೋಣೆಯ ಗೋಡೆಯಲ್ಲಿ ಫೈರ್ ಅಲಾರಾಂ ಪ್ಯಾನೆಲ್ ಇದೆಯಲ್ಲ, ಇವತ್ತು ಸಂಜೆ ಕೆಳಗಿಳಿದು ಅದರ ಮುಂದೆ ಎರಡು ನಿಮಿಷ ನಿಲ್ಲಿ. ಅದಕ್ಕೆ ಕರೆಂಟು ಬರುತ್ತಿದೆಯೇ, ಬ್ಯಾಟರಿ ಜೋಡಿಸಿದ್ದಾರೆಯೇ ನೋಡಿ. ಹಳದಿ ದೀಪ ಉರಿಯುತ್ತಿದ್ದರೆ ಎಲ್ಲೋ ಏನೋ ಕೆಟ್ಟಿದೆ ಎಂದರ್ಥ. ಎಷ್ಟು ದಿನದಿಂದ ಉರಿಯುತ್ತಿದೆ ಎಂದು ವಿಚಾರಿಸಿ. ಹೂಟರಿನ ವೈರು ಕಿತ್ತಿಟ್ಟಿದ್ದರೂ ಅಚ್ಚರಿಪಡಬೇಡಿ. ಕೊನೆಗೆ ಪಾಳಿಯಲ್ಲಿರುವ ಹುಡುಗನನ್ನು ಕೇಳಿ: "ಇದು ಕೂಗಿದ್ರೆ ನೀನು ಏನಪ್ಪಾ ಮಾಡ್ತೀಯ?" ನೆಂಟರ, ಸ್ನೇಹಿತರ ಕಟ್ಟಡಗಳಿಗೆ ಹೋದಾಗೆಲ್ಲ ನಾನು ಈ ಪ್ರಶ್ನೆ ಕೇಳುತ್ತ ಬಂದಿದ್ದೇನೆ. ಬಹುಪಾಲು ಕಡೆ ಬರುವ ಉತ್ತರ ಒಂದೇ: "ಬಟನ್ ಒತ್ತಿ ಆಫ್ ಮಾಡ್ತೀನಿ ಸಾರ್."

ಆ ಹುಡುಗನದು ತಪ್ಪಿಲ್ಲ. ಅವನಿಗೆ ಹಾಗೆ ಕಲಿಸಿದವರು ನಾವು. ಮಧ್ಯಾಹ್ನ ಮಗು ಮಲಗಿರುವಾಗ ಹೂಟರ್ ಕೂಗಿತೆಂದು ಇಂಟರ್‌ಕಾಮಿನಲ್ಲಿ ಅವನನ್ನು ಗದರಿಸಿದವರು ನಾವು. ಅಲಾರಾಂ ಎಂದರೆ ನಿಲ್ಲಿಸಬೇಕಾದ ಗಲಾಟೆ ಎಂಬ ಪಾಠ ಅವನಿಗೂ ನಮಗೂ ಹೀಗೆ ಮನದಟ್ಟಾಗಿದೆ. ಆ ಪಾಠವನ್ನು ಮರೆಯೋಣ, ಮರೆಸೋಣ ಎಂದು ಕೇಳಿಕೊಳ್ಳಲು ಈ ಪತ್ರ.

ಅಲಾರಾಂ ಸುಮ್ಮಸುಮ್ಮನೆ ಕೂಗುತ್ತದೆ ಎಂಬ ದೂರಿನಲ್ಲಿ ಸತ್ಯವಿದೆ, ಒಪ್ಪುತ್ತೇನೆ. ಆದರೆ ಅದಕ್ಕೆ ಕಾರಣವಿರುತ್ತದೆ, ಕಾರಣಕ್ಕೆ ಪರಿಹಾರವೂ ಇದೆ. ಈಗ ಹೆಚ್ಚಾಗಿ ಬಳಸುವ ಸ್ಮೋಕ್ ಡಿಟೆಕ್ಟರಿನ ಒಳಗೆ ಒಂದು ಸಣ್ಣ ಕತ್ತಲೆ ಕೋಶವಿದ್ದು ಅದರಲ್ಲಿ ಬೆಳಕಿನ ಕಿರಣವೊಂದು ಹಾಯುತ್ತಿರುತ್ತದೆ. ಹೊಗೆಯ ಕಣ ಒಳಹೊಕ್ಕರೆ ಬೆಳಕು ಚೆದುರಿ ಸೆನ್ಸರಿನ ಮೇಲೆ ಬೀಳುತ್ತದೆ, ಅಲಾರಾಂ ಕೂಗುತ್ತದೆ. ಆ ಕಣ ಒಣಮೆಣಸಿನಕಾಯಿ ಒಗ್ಗರಣೆಯದೋ, ಸಾಂಬ್ರಾಣಿಯದೋ, ಉರಿಯುತ್ತಿರುವ ಹಾಸಿಗೆಯದೋ ಅದಕ್ಕೆ ತಿಳಿಯದು. ಕುಕ್ಕರಿನ ಹಬೆ, ಗೋಡೆ ಉಜ್ಜಿದಾಗ ಏಳುವ ಧೂಳು, ಒಳಗೆ ಗೂಡು ಮಾಡಿದ ಸಣ್ಣ ಹುಳ ಇಷ್ಟಕ್ಕೂ ಅದು ಕೂಗಬಹುದು. ಹಾಗಾಗಿ ಅಡುಗೆಮನೆಯೊಳಗೆ ಹೊಗೆಯ ಡಿಟೆಕ್ಟರ್ ಬೇಡ, ಅಲ್ಲಿಗೆ ಶಾಖದ ಡಿಟೆಕ್ಟರ್ ಸರಿ. ಅದು ಒಗ್ಗರಣೆಗೆ ಮಿಸುಕದೆ ಚಾವಣಿಯ ಬಿಸಿ ಒಂದು ಮಟ್ಟ ದಾಟಿದಾಗಷ್ಟೇ ಕೂಗುತ್ತದೆ. ಬಚ್ಚಲ ಬಾಗಿಲ ಎದುರಿಗಿರುವ ಡಿಟೆಕ್ಟರನ್ನು ನಾಲ್ಕು ಅಡಿ ಆಚೆ ಸರಿಸಿ. ವರ್ಷಕ್ಕೊಮ್ಮೆ ಪೇಂಟಿಂಗ್ ನಡೆಯುವಾಗ ಮುಚ್ಚಳ ಹಾಕಿ, ಕೆಲಸ ಮುಗಿದ ಸಂಜೆಯೇ ತೆಗೆಸಿ. ನಿರ್ವಹಣೆಯ ಗುತ್ತಿಗೆ ಪಡೆದವರು ಬಂದಾಗ ಡಿಟೆಕ್ಟರುಗಳನ್ನು ಬಿಚ್ಚಿ ಸ್ವಚ್ಛ ಮಾಡಿದರೇ, ಇಲ್ಲ ರಿಜಿಸ್ಟರಿಗೆ ಸಹಿ ಹಾಕಿ ಹೋದರೇ ಎಂದು ಒಬ್ಬರು ಜೊತೆಗೆ ನಿಂತು ನೋಡಬೇಕು. ಪದೇಪದೇ ಕೂಗುವ ಒಂದು ಡಿಟೆಕ್ಟರನ್ನು ಬದಲಿಸುವ ಖರ್ಚಿಗೆ ಹಿಂದೆಮುಂದೆ ನೋಡಿ ಇಡೀ ಬ್ಲಾಕಿನ ಹೂಟರನ್ನೇ ಕಿತ್ತಿಡುವುದನ್ನು ನಾನು ಕಂಡಿದ್ದೇನೆ. ಇದು ಉಳಿತಾಯವಲ್ಲ.

ಬೆಂಕಿ ಎಂದ ಕೂಡಲೇ ನಮ್ಮ ಕಣ್ಣಿಗೆ ಕಟ್ಟುವುದು ಜ್ವಾಲೆ. ಆದರೆ ಕಟ್ಟಡಗಳೊಳಗಿನ ಬೆಂಕಿಯಲ್ಲಿ ಜನ ಹೆಚ್ಚಾಗಿ ಸಾಯುವುದು ಹೊಗೆಯಿಂದ. ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ನಿಮಗೆ ನೆನಪಿರಬೇಕು. 2010ರ ಫೆಬ್ರುವರಿ 23ರ ಆ ಸಂಜೆ ಬೆಂಕಿ ಹುಟ್ಟಿದ್ದು ವಿದ್ಯುತ್ ಕೇಬಲ್ ಹಾಯುವ ಡಕ್ಟಿನಲ್ಲಿ. ಕಟ್ಟಡವೇನೂ ಉರಿದು ಬೂದಿಯಾಗಲಿಲ್ಲ. ಡಕ್ಟಿನ ಮೂಲಕ ಏರಿದ ಕಪ್ಪು ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. ತುರ್ತು ದಾರಿಗಳಿಗೆ ಬೀಗ ಬಿದ್ದಿತ್ತು ಎಂಬುದು ಆಗ ಎಲ್ಲ ಪತ್ರಿಕೆಗಳಲ್ಲಿ ಬಂತು. ಉಸಿರು ಕಟ್ಟಿದವರು ಕಿಟಕಿಯ ಗಾಜು ಒಡೆದರು, ಕೆಲವರು ಕೆಳಗೆ ಹಾರಿದರು. ಒಂಬತ್ತು ಮಂದಿ ಪ್ರಾಣ ಬಿಟ್ಟರು. ಮಕ್ಕಳನ್ನು, ಒಡನಾಡಿಗಳನ್ನು ಕಳೆದುಕೊಂಡವರು ಅಂದಿನ ನೋವನ್ನು ಹೊತ್ತುಕೊಂಡೇ 'ಬಿಯಾಂಡ್ ಕಾರ್ಲ್‌ಟನ್' ಎಂಬ ಸಂಸ್ಥೆ ಕಟ್ಟಿ ಈ ಊರಿಗೆ ಬೆಂಕಿ ಸುರಕ್ಷತೆಯ ಮಾತು ಹೇಳುತ್ತಲೇ ಬಂದಿದ್ದಾರೆ. ಅದಕ್ಕೂ ಮುಂಚೆ, 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತಾಗಲೂ ಕೊಂದದ್ದು ಹೊಗೆಯೇ.

ಈಗ ನಿಮ್ಮ ಕಟ್ಟಡದ ಡಕ್ಟಿನ ಬಾಗಿಲು ತೆಗೆದು ನೋಡಿ. ಪೊರಕೆ, ಹಳೇ ಪೇಪರಿನ ಕಟ್ಟು, ಉಳಿದ ಪೇಂಟಿನ ಡಬ್ಬ, ಹೌಸ್‌ಕೀಪಿಂಗ್ ಹೆಂಗಸರ ಬಟ್ಟೆಯ ಚೀಲ. ಅವರಿಗೆ ಸಾಮಾನಿಡಲು, ಕುಳಿತು ಊಟ ಮಾಡಲು ನಾವು ಬೇರೆ ಜಾಗವನ್ನೇ ಕೊಟ್ಟಿಲ್ಲ. ಮೊದಲು ಅದನ್ನು ಕೊಟ್ಟು ಆಮೇಲೆ ಡಕ್ಟನ್ನು ಖಾಲಿ ಮಾಡಿಸಿ. ಒಂದು ಮಹಡಿಯಿಂದ ಇನ್ನೊಂದಕ್ಕೆ ಕೇಬಲ್ ಹಾಯುವ ತೂತುಗಳನ್ನು ಬೆಂಕಿ ತಡೆಯುವ ಸಾಮಗ್ರಿಯಿಂದ ಮುಚ್ಚಿಸಿದ್ದಾರೆಯೇ ಎಂದು ಎಂಜಿನಿಯರನ್ನು ಕೇಳಿ. ತೂತು ತೆರೆದಿದ್ದರೆ ಆ ಡಕ್ಟು ಹೊಗೆಯ ಪಾಲಿಗೆ ಚಿಮಣಿ.

ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಫೋಮ್ ಸೋಫಾ, ನೈಲಾನ್ ಕಾರ್ಪೆಟ್ಟು ಉರಿದರೆ ಸಯನೈಡ್ ಅನಿಲವೂ ಹುಟ್ಟುತ್ತದೆ. ಎರಡು ಮೂರು ಉಸಿರಿಗೇ ತಲೆ ಮಂಕಾಗಿ, ಕಾಲು ಸೋತು, ಬಾಗಿಲು ಎದುರಿಗಿದ್ದರೂ ಕಾಣದಂತಾಗುತ್ತದೆ. ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ: ನಿದ್ದೆಯಲ್ಲಿ ಮೂಗನ್ನು ನಂಬುವಂತಿಲ್ಲ. "ಸುಟ್ಟ ವಾಸನೆ ಬಂದರೆ ಎಚ್ಚರವಾಗೇ ಆಗುತ್ತೆ" ಎನ್ನುವವರಿಗೆ ಹೇಳಬೇಕಾದದ್ದು ಇದು. ಕಿವಿ ಮಾತ್ರ ನಿದ್ದೆಯಲ್ಲೂ ಕೆಲಸ ಮಾಡುತ್ತಿರುತ್ತದೆ. ಆದ್ದರಿಂದಲೇ ರಾತ್ರಿಯ ಬೆಂಕಿಗೆ ಸದ್ದು ಮಾಡುವ ಅಲಾರಾಂ ಬೇಕೇ ಬೇಕು.

ನಮ್ಮ ಬಹಳಷ್ಟು ಕಟ್ಟಡಗಳಲ್ಲಿ ಡಿಟೆಕ್ಟರ್ ಇರುವುದು ಬೇಸ್‌ಮೆಂಟ್, ಲಿಫ್ಟ್ ಲಾಬಿ, ಕಾರಿಡಾರುಗಳಲ್ಲಿ. ಮನೆಯೊಳಗೆ ಇರುವುದೇ ಇಲ್ಲ. ಹಾಲಿನಲ್ಲಿ ಹೊತ್ತಿದ ಬೆಂಕಿಯ ಹೊಗೆ ಮುಂಬಾಗಿಲಿನ ಸಂದಿಯಿಂದ ಹೊರಬಂದು ಕಾರಿಡಾರಿನ ಡಿಟೆಕ್ಟರಿಗೆ ತಾಗುವ ಹೊತ್ತಿಗೆ ಮಲಗಿದ್ದವರ ಪಾಡು ಏನಾಗಿರುತ್ತದೆ ಹೇಳಿ. ಅಮೆರಿಕದ ಯು.ಎಲ್. ಸಂಸ್ಥೆಯವರು ಕೋಣೆಗಳನ್ನೇ ಕಟ್ಟಿ ಬೆಂಕಿಯಿಟ್ಟು ನೋಡಿದ್ದಾರೆ: ಈ ಕಾಲದ ಫೋಮ್, ಪ್ಲಾಸ್ಟಿಕ್ ಪೀಠೋಪಕರಣಗಳಿರುವ ಕೋಣೆ ಐದು ನಿಮಿಷದೊಳಗೇ ಪೂರ್ತಿ ಹೊತ್ತಿಕೊಳ್ಳಬಲ್ಲದು. ಹಳೇ ಕಾಲದ ಮರ, ಹತ್ತಿಯ ಸಾಮಾನಿನ ಕೋಣೆ ಅದಕ್ಕಿಂತ ಎಷ್ಟೋ ಹೆಚ್ಚು ಸಮಯ ಕೊಡುತ್ತಿತ್ತು. ಅದೇ ದೇಶದಲ್ಲಿ ಮನೆ ಬೆಂಕಿಗೆ ಬಲಿಯಾಗುವ ಐವರಲ್ಲಿ ಸುಮಾರು ಮೂವರು ಅಲಾರಾಂ ಇಲ್ಲದ ಇಲ್ಲವೇ ಕೆಟ್ಟುಹೋದ ಮನೆಯವರು. ಸ್ಕಾಟ್ಲೆಂಡಿನಲ್ಲಿ 2022ರ ಫೆಬ್ರುವರಿಯಿಂದ ಪ್ರತಿ ಮನೆಯಲ್ಲೂ ಒಂದಕ್ಕೊಂದು ಜೋಡಿಸಿದ ಅಲಾರಾಂಗಳಿರಬೇಕು: ಅಡುಗೆಮನೆಯದು ಕೂಗಿದರೆ ಮಲಗುವ ಕೋಣೆಯ ಬಳಿಯದೂ ಕೂಗುತ್ತದೆ. ನಾವು ಕಾನೂನು ಬರಲೆಂದು ಕಾಯಬೇಕಿಲ್ಲ. ಬ್ಯಾಟರಿಯಿಂದ ನಡೆಯುವ ಅಲಾರಾಂ ಇಲ್ಲೂ ಸಿಗುತ್ತದೆ. ಮಲಗುವ ಕೋಣೆಗಳ ಹೊರಗಿನ ಪಡಸಾಲೆಯ ಚಾವಣಿಗೆ ಒಂದು, ಸಾಧ್ಯವಾದರೆ ಪ್ರತಿ ಮಲಗುವ ಕೋಣೆಗೂ ಒಂದೊಂದು ಹಾಕಿ. ತಿಂಗಳಿಗೊಮ್ಮೆ ಪೊರಕೆಯ ಹಿಡಿಯಿಂದಲಾದರೂ ಸರಿ, ಪರೀಕ್ಷೆಯ ಗುಂಡಿ ಒತ್ತಿ. ಹತ್ತು ವರ್ಷವಾದ ಮೇಲೆ ಇಡೀ ಸಾಧನವನ್ನೇ ಬದಲಿಸಿ. ಸಂಘದವರು ಒಟ್ಟಿಗೆ ಕೊಂಡರೆ ಬೆಲೆಯೂ ಇಳಿಯುತ್ತದೆ.

ಗ್ಯಾಸ್ ಡಿಟೆಕ್ಟರ್ ಬೇರೆ, ಸ್ಮೋಕ್ ಡಿಟೆಕ್ಟರ್ ಬೇರೆ. ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿಕೊಳ್ಳುತ್ತದೆ. ಅದರ ಡಿಟೆಕ್ಟರ್ ನೆಲದ ಹತ್ತಿರವಿರಬೇಕು. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಹಗುರ, ಚಾವಣಿಗೆ ಏರುತ್ತದೆ. ಅದರ ಡಿಟೆಕ್ಟರ್ ಮೇಲಿರಬೇಕು. ಸಿಲಿಂಡರಿನಿಂದ ಪೈಪಿಗೆ ಬದಲಾದ ಮನೆಯವರು ಹಳೇ ಡಿಟೆಕ್ಟರನ್ನು ಇದ್ದ ಕಡೆಯೇ ಬಿಟ್ಟಿದ್ದರೆ ಅದು ಇದ್ದೂ ಇಲ್ಲದಂತೆ. ಗ್ಯಾಸ್ ವಾಸನೆ ಬಂದಾಗ ಲೈಟಿನ ಸ್ವಿಚ್ಚು ಹಾಕಲೂ ಬೇಡಿ, ಆರಿಸಲೂ ಬೇಡಿ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಅದು ಎಲ್‌ಪಿಜಿ ಸೋರಿಕೆಗೆಂದೇ ಇರುವ ಸಂಖ್ಯೆ.

ಇನ್ನು ಬೆಂಕಿ ಕಂಡ ಮೊದಲ ನಿಮಿಷದ ಮಾತು. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಹಾಕಬೇಡಿ. ಕಾದ ಎಣ್ಣೆಯ ಅಡಿಗೆ ಇಳಿದ ನೀರು ಕ್ಷಣದಲ್ಲಿ ಹಬೆಯಾಗಿ ಸಾವಿರದ ಏಳುನೂರು ಪಟ್ಟು ಹಿಗ್ಗುತ್ತದೆ. ಉರಿಯುವ ಎಣ್ಣೆಯನ್ನು ಚಾವಣಿಯವರೆಗೂ ಮುಖದವರೆಗೂ ಎರಚುತ್ತದೆ. ಒಲೆ ಆರಿಸಿ, ದೊಡ್ಡ ತಟ್ಟೆಯನ್ನೋ ಮುಚ್ಚಳವನ್ನೋ ಬದಿಯಿಂದ ಜಾರಿಸಿ ಮುಚ್ಚಿ, ತಣ್ಣಗಾಗುವವರೆಗೂ ತೆಗೆಯಬೇಡಿ. ಬಾಣಲೆಯನ್ನು ಎತ್ತಿಕೊಂಡು ಸಿಂಕಿನತ್ತ ಓಡಬೇಡಿ. ಸ್ವಿಚ್‌ಬೋರ್ಡಿನಲ್ಲೋ ಫ್ರಿಜ್ಜಿನ ಹಿಂದೆಯೋ ಕಿಡಿ ಕಂಡರೆ ಕೈಗೆಟುಕುವುದಾದರೆ ಮೇನ್ ಇಳಿಸಿ. ಅಲ್ಲಿಗೂ ನೀರು ಸಲ್ಲದು. ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿಯದು ಬೇರೆಯೇ ಕತೆ. ಲಿಥಿಯಂ ಬ್ಯಾಟರಿ ಒಳಗೇ ಬಿಸಿಯೇರಿ ಹೊತ್ತಿತೆಂದರೆ ಮನೆಯಲ್ಲಿಡುವ, ಬೆಂಕಿ ಆರಿಸುವ ಸಣ್ಣ ಸಿಲಿಂಡರಿನಿಂದ ನಂದುವುದಿಲ್ಲ, ನಂದಿತೆಂದುಕೊಂಡ ಮೇಲೂ ಮತ್ತೆ ಹೊತ್ತುತ್ತದೆ. ಆದ್ದರಿಂದ ದಯವಿಟ್ಟು ಅದನ್ನು ಮುಂಬಾಗಿಲಿನ ಬಳಿ ಇಟ್ಟು ರಾತ್ರಿಯಿಡೀ ಚಾರ್ಜ್ ಮಾಡಬೇಡಿ. ಮನೆಯಿಂದ ಹೊರಹೋಗುವ ಒಂದೇ ದಾರಿಯ ಬಾಯಲ್ಲಿ ಅದನ್ನಿಡುವುದು ನನಗೆ ನಿಜಕ್ಕೂ ಭಯ ಹುಟ್ಟಿಸುತ್ತದೆ.

ಒಂದು ಸಲಕ್ಕೆ ಆರದ ಬೆಂಕಿಯ ಜೊತೆ ಎರಡನೇ ಸಲ ಸೆಣಸಬೇಡಿ. ಎಲ್ಲರನ್ನೂ ಕರೆದುಕೊಂಡು ಹೊರಡಿ. ಉರಿಯುತ್ತಿರುವ ಕೋಣೆಯ ಬಾಗಿಲು ಎಳೆದುಕೊಳ್ಳಿ, ಮನೆಯ ಮುಂಬಾಗಿಲನ್ನೂ ಎಳೆದುಕೊಳ್ಳಿ. ಬೀಗ ಹಾಕಬೇಡಿ, ಮುಚ್ಚಿದರೆ ಸಾಕು. ಹೆಚ್ಚು ಹೇಳಬೇಕಾದದ್ದು ಈ ಬಾಗಿಲಿನ ಬಗ್ಗೆಯೇ, ಏಕೆಂದರೆ ಗಾಬರಿಯಲ್ಲಿ ಎಲ್ಲರೂ ಬಾಗಿಲನ್ನು ಹಾರು ಹೊಡೆದು ಓಡುತ್ತಾರೆ. ತೆರೆದ ಬಾಗಿಲು ಬೆಂಕಿಗೆ ಗಾಳಿ ಕೊಡುತ್ತದೆ, ಹೊಗೆಯನ್ನು ನೆರೆಯವರ ಮೆಟ್ಟಿಲಿಗೆ ಬಿಡುತ್ತದೆ. ಯು.ಎಲ್. ಪ್ರಯೋಗಗಳಲ್ಲಿ ಬಾಗಿಲು ತೆರೆದಿದ್ದ ಮಲಗುವ ಕೋಣೆಯ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಅದೇ ಮನೆಯಲ್ಲಿ ಬಾಗಿಲು ಮುಚ್ಚಿದ್ದ ಕೋಣೆಯಲ್ಲಿ 40 ಡಿಗ್ರಿಯ ಆಸುಪಾಸಿತ್ತು. ರಾತ್ರಿ ಮಲಗುವಾಗ ಕೋಣೆಯ ಬಾಗಿಲು ಮುಚ್ಚಿಕೊಂಡು ಮಲಗಿ ಎಂದು ಅಗ್ನಿಶಾಮಕ ತಜ್ಞರು ಹೇಳುವುದು ಇದಕ್ಕೇ. ಮುಚ್ಚಿದ ಬಾಗಿಲಿನ ಒಳಗೂ ಸದ್ದು ಮುಟ್ಟಲಿ ಎಂದೇ ಕೋಣೆಗೊಂದು ಅಲಾರಾಂ.

ಹೊರಡುವ ಮುನ್ನ ಬಾಗಿಲಿಗೆ ಅಂಗೈ ಹಿಂಭಾಗ ತಾಗಿಸಿ ನೋಡಿ. ಬಿಸಿಯಿದ್ದರೆ ತೆರೆಯಬೇಡಿ. ಹೊಗೆಯಿದ್ದರೆ ಬಗ್ಗಿ, ಬೇಕಾದರೆ ಅಂಬೆಗಾಲಿಟ್ಟು ಹೋಗಿ. ಉಸಿರಾಡಬಹುದಾದ ಗಾಳಿ ನೆಲದ ಹತ್ತಿರ ಉಳಿದಿರುತ್ತದೆ. ಲಿಫ್ಟು ಬೇಡ. ಒಡವೆ, ಪಾಸ್‌ಪೋರ್ಟು, ಲ್ಯಾಪ್‌ಟಾಪು ಯಾವುದೂ ಬೇಡ. ಹೊರಗೆ ಬಂದವರು ಮತ್ತೆ ಒಳಗೆ ಹೋಗಕೂಡದು. ಒಳಗೆ ಯಾರಾದರೂ ಉಳಿದಿದ್ದರೆ ಅವರು ಯಾವ ಕೋಣೆಯಲ್ಲಿದ್ದಾರೆ ಎಂದು ಅಗ್ನಿಶಾಮಕ ಸಿಬ್ಬಂದಿಗೆ ಹೇಳಿ. ಅವರ ಬಳಿ ಉಸಿರಾಟದ ಸಾಧನವಿದೆ, ನಮ್ಮ ಬಳಿ ಇಲ್ಲ.

ಮೆಟ್ಟಿಲ ತುಂಬ ಹೊಗೆಯಿದ್ದರೆ? ಆಗ ಇಳಿಯಲು ಹೋಗಬೇಡಿ. ನಿಮ್ಮ ಮನೆಯಲ್ಲೇ ಬೆಂಕಿಯಿಲ್ಲದ, ಹೊರಗಿನ ಕಿಟಕಿಯಿರುವ ಕೋಣೆಗೆ ಸೇರಿ ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಟವೆಲು ತುರುಕಿ, ಫೋನ್ ಮಾಡಿ ಬ್ಲಾಕು, ಮಹಡಿ, ಮನೆ ಸಂಖ್ಯೆ ಹೇಳಿ, ಕಿಟಕಿಯಲ್ಲಿ ಬಟ್ಟೆ ಬೀಸಿ. ಆದರೆ ಒಳಗೇ ಇರುವುದನ್ನು ಎಲ್ಲ ಕಟ್ಟಡಕ್ಕೂ ಸೂತ್ರ ಮಾಡಬಾರದೆಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಕಲಿಸಿತು. 2017ರ ಜೂನ್ 14ರ ರಾತ್ರಿ ನಾಲ್ಕನೇ ಮಹಡಿಯ ಒಂದು ಮನೆಯ ಫ್ರಿಜ್ಜಿನಲ್ಲಿ ಹುಟ್ಟಿದ ಬೆಂಕಿ ಹೊರಗೋಡೆಗೆ ಹೊದಿಸಿದ್ದ ಹಲಗೆಗಳ ಮೂಲಕ ಇಡೀ ಕಟ್ಟಡಕ್ಕೆ ಏರಿತು. ಮನೆಯೊಳಗೇ ಇರಿ ಎಂಬ ಸೂಚನೆಯನ್ನು ಹಿಂದಕ್ಕೆ ಪಡೆಯುವಷ್ಟರಲ್ಲಿ ಹೊತ್ತು ಮೀರಿತ್ತು. 72 ಜನ ತೀರಿಕೊಂಡರು. ಮೆಟ್ಟಿಲು ಶುಭ್ರವಾಗಿರುವಷ್ಟು ಹೊತ್ತು ಇಳಿದುಬಿಡುವುದೇ ಲೇಸು ಎಂದು ನಾನು ನಂಬುತ್ತೇನೆ. ನಿಮ್ಮ ಕಟ್ಟಡಕ್ಕೆ ಯಾವುದು ಸರಿ ಎಂಬುದನ್ನು ಅಗ್ನಿಶಾಮಕ ಅಧಿಕಾರಿಯೊಬ್ಬರನ್ನು ಕರೆಸಿ ಮೆಟ್ಟಿಲು, ಡಕ್ಟು, ಹೊರಗೋಡೆಯ ಹಲಗೆ ಎಲ್ಲ ತೋರಿಸಿ ಕೇಳಿ ತಿಳಿಯಿರಿ.

ನಮ್ಮ ಊರಿನಲ್ಲಿ ಇನ್ನೊಂದು ಅಪಾಯವಿದೆ: ಗ್ರಿಲ್ಲು. 2021ರ ಸೆಪ್ಟೆಂಬರಿನಲ್ಲಿ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟೊಂದಕ್ಕೆ ಬೆಂಕಿ ಬಿದ್ದು ತಾಯಿ ಮಗಳಿಬ್ಬರೂ ತೀರಿಹೋದರು. ಬಾಲ್ಕನಿಗೆ ಕಬ್ಬಿಣದ ಗ್ರಿಲ್ಲು ಹಾಕಿಸಿದ್ದರು. ಕೆಳಗೆ ನಿಂತವರಿಗೆ ಎಲ್ಲವೂ ಕಾಣುತ್ತಿತ್ತು, ಯಾರಿಗೂ ಏನೂ ಮಾಡಲಾಗಲಿಲ್ಲ. ಆ ದೃಶ್ಯ ಎಲ್ಲರ ಫೋನಿಗೂ ಬಂತು. ಆಮೇಲೂ ನಾವು ಗ್ರಿಲ್ಲು ಹಾಕಿಸುತ್ತಲೇ ಇದ್ದೇವೆ. ಕಳ್ಳರ ಭಯ, ಪಾರಿವಾಳದ ಕಾಟ, ಎಳೆ ಮಕ್ಕಳು ಬಿದ್ದಾರೆಂಬ ದಿಗಿಲು, ಎಲ್ಲವೂ ನಿಜ. ಗ್ರಿಲ್ಲು ತೆಗೆದುಬಿಡಿ ಎಂದು ನಾನು ಹೇಳುತ್ತಿಲ್ಲ. ಒಳಗಿನಿಂದ ತೆರೆಯುವ ಒಂದು ಕದವಿಲ್ಲದ ಗ್ರಿಲ್ಲು ಬೇಡ ಎನ್ನುತ್ತಿದ್ದೇನೆ. ವೆಲ್ಡಿಂಗ್‌ನವರಿಗೆ ಅದು ಅರ್ಧ ದಿನದ ಕೆಲಸ. ಬೀಗ ಹಾಕಲೇಬೇಕಿದ್ದರೆ ಕೀಲಿ ಮಕ್ಕಳ ಕೈಗೆಟುಕದ, ಆದರೆ ಕತ್ತಲಲ್ಲಿ ದೊಡ್ಡವರಿಗೆ ತಡವರಿಸದೆ ಸಿಗುವ ಮೊಳೆಗೆ ತೂಗಲಿ. ಮನೆಯಲ್ಲಿರುವ ಎಲ್ಲರಿಗೂ, ಕೆಲಸಕ್ಕೆ ಬರುವವರಿಗೂ ಆ ಮೊಳೆ ಗೊತ್ತಿರಲಿ. ಮುಂಬಾಗಿಲಿಗೂ ಇದೇ ಮಾತು. ವಯಸ್ಸಾದ ಅತ್ತೆಯನ್ನೋ ಮಗು ನೋಡಿಕೊಳ್ಳುವ ಹುಡುಗಿಯನ್ನೋ ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿ ಆಫೀಸಿಗೆ ಹೋಗುವ ಮನೆಗಳಿವೆ. ಇದು ನಿಲ್ಲಬೇಕು. ಈ ವಿಷಯದಲ್ಲಿ ನನಗೆ ಮೃದುವಾಗಿ ಮಾತಾಡಲು ಬರುವುದಿಲ್ಲ.

ಮಕ್ಕಳ ಬಗ್ಗೆ ಒಂದು ವಿಚಾರ. ಸ್ಕಾಟ್ಲೆಂಡಿನ ಡಂಡಿ ವಿಶ್ವವಿದ್ಯಾಲಯದ ಸಂಶೋಧಕರು ಮಲಗಿದ್ದ ಮಕ್ಕಳ ಮನೆಗಳಲ್ಲಿ ಅಲಾರಾಂ ಕೂಗಿಸಿ ನೋಡಿದಾಗ ಬಹುಪಾಲು ಮಕ್ಕಳು ಏಳಲೇ ಇಲ್ಲ. ಕೀಚಲು ಸದ್ದಿಗಿಂತ ತಗ್ಗಿನ ಸ್ವರ, ಜೊತೆಗೆ ಹೆಂಗಸಿನ ದನಿಯ ಮಾತು ಹೆಚ್ಚು ಮಕ್ಕಳನ್ನು ಎಬ್ಬಿಸಿತು. ಆದ್ದರಿಂದ ಅಲಾರಾಂ ಕೂಗಿದರೆ ಮಕ್ಕಳು ತಾವಾಗಿ ಎದ್ದು ಬರುತ್ತಾರೆ ಎಂದುಕೊಳ್ಳಬೇಡಿ. ಯಾವ ಮಗುವನ್ನು ಯಾರು ಎತ್ತಿಕೊಳ್ಳಬೇಕು ಎಂಬುದು ಮೊದಲೇ ತೀರ್ಮಾನವಾಗಿರಲಿ. ಎದ್ದ ಮಗು ಹೆದರಿ ಮಂಚದಡಿ, ಬೀರುವಿನೊಳಗೆ ಅಡಗಿಕೊಳ್ಳುವುದೂ ಉಂಟು. ಹೊರಗೆ ಬರಬೇಕು, ಅಡಗಬಾರದು ಎಂದು ಹಗಲಿನಲ್ಲೇ ಆಡಿಸುತ್ತ ಕಲಿಸಿ. ಕಿವಿ ಮಂದವಾದ ಅಜ್ಜ ಅಜ್ಜಿಯರಿಗೂ ಕೀಚಲು ಸದ್ದು ಸರಿಯಾಗಿ ಕೇಳದು, ರಾತ್ರಿ ಶ್ರವಣಯಂತ್ರವನ್ನೂ ತೆಗೆದಿಟ್ಟಿರುತ್ತಾರೆ. ಯಾವ ಮನೆಯಲ್ಲಿ ನಡೆಯಲಾಗದವರಿದ್ದಾರೆ, ಒಂಟಿ ಹಿರಿಯರಿದ್ದಾರೆ ಎಂಬ ಪಟ್ಟಿ ಸೆಕ್ಯುರಿಟಿ ಕೋಣೆಯಲ್ಲಿರಲಿ, ಆ ಮನೆಯ ಬಾಗಿಲು ಬಡಿಯುವ ಹೊಣೆ ಅದೇ ಮಹಡಿಯ ಇಬ್ಬರಿಗಿರಲಿ.

ಮೈಮೇಲಿನ ಸೀರೆಗೋ ದುಪಟ್ಟಾಕ್ಕೋ ಬೆಂಕಿ ತಗುಲಿದರೆ ಓಡಬಾರದು. ನಿಂತು, ನೆಲಕ್ಕೆ ಬಿದ್ದು, ಮುಖ ಮುಚ್ಚಿಕೊಂಡು ಹೊರಳಬೇಕು. ಸುಟ್ಟ ಗಾಯಕ್ಕೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು. ಇಂಕು, ಟೂತ್‌ಪೇಸ್ಟು, ದೋಸೆ ಹಿಟ್ಟು ಯಾವುದೂ ಬೇಡ. ಗಾಯ ದೊಡ್ಡದಿದ್ದರೆ ನೀರು ಹಾಕಿದ ಮೇಲೆ ಶುಭ್ರವಾದ ಬಟ್ಟೆ ಹೊದಿಸಿ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಫೋನ್ 101ಕ್ಕೆ ಮಾಡಿ, ಇಲ್ಲವೇ 112ಕ್ಕೆ. ಯಾರೋ ಮಾಡಿರುತ್ತಾರೆ ಎಂದುಕೊಂಡು ಸುಮ್ಮನಿರಬೇಡಿ. ನೆಲೆಗುರುತು ಸಹಿತ ವಿಳಾಸ, ಎಷ್ಟನೇ ಮಹಡಿ, ಒಳಗೆ ಸಿಕ್ಕಿಕೊಂಡವರು ಇದ್ದಾರೆಯೇ, ಇಷ್ಟು ಹೇಳಿ. ಅವರು ಇಡುವ ತನಕ ನೀವು ಫೋನ್ ಇಡಬೇಡಿ. ಒಬ್ಬರು ಗೇಟಿನ ಹೊರಗೆ, ಮುಖ್ಯರಸ್ತೆಯ ತಿರುವಿನಲ್ಲಿ ನಿಲ್ಲಲಿ. ನಮ್ಮ ಅಗ್ನಿಶಾಮಕ ಇಲಾಖೆಯ ಬಳಿ 90 ಮೀಟರ್ ಎತ್ತರಕ್ಕೆ ಏರುವ ಏಣಿ ವಾಹನ ಇದೆ. ಆದರೆ ನಿಮ್ಮ ಕಟ್ಟಡದ ಸುತ್ತಲಿನ ಡ್ರೈವ್‌ವೇಯಲ್ಲಿ ಅತಿಥಿಗಳ ಕಾರು ನಿಂತಿದ್ದರೆ, ಗೇಟಿಗೆ ಹೊಸದಾಗಿ ಕಟ್ಟಿಸಿದ ಕಮಾನು ಅಡ್ಡ ಬಂದರೆ ಆ ವಾಹನ ರಸ್ತೆಯಲ್ಲೇ ನಿಲ್ಲಬೇಕಾಗುತ್ತದೆ.

ಕೊನೆಗೆ ಸಂಘದವರಲ್ಲಿ ನನ್ನ ಕೋರಿಕೆ. ಮುಂದಿನ ಸಭೆಯಲ್ಲಿ ಮೇಂಟೆನೆನ್ಸ್ ಬಾಕಿ, ನಾಯಿಗಳ ವಿಚಾರ ಬರುವ ಮೊದಲೇ ಇದನ್ನು ಎತ್ತಿಕೊಳ್ಳಿ. ಮೆಟ್ಟಿಲುಗಳಿಂದ ಚಪ್ಪಲಿ ಗೂಡು, ಹೂಕುಂಡ, ಹಳೇ ಸೈಕಲ್ಲುಗಳನ್ನು ತೆಗೆಸಿ. ಫೈರ್ ಪಂಪು ಆಟೋ ಸ್ಥಿತಿಯಲ್ಲಿದೆಯೇ, ಹೈಡ್ರಂಟ್ ತೆರೆದರೆ ನೀರು ಬರುತ್ತದೆಯೇ ಎಂದು ಎಲ್ಲರ ಎದುರು ತೆರೆದು ನೋಡಿ. ಮೆಟ್ಟಿಲ ಬಳಿಯ ಬೆಂಕಿ ತಡೆಯುವ ಬಾಗಿಲಿಗೆ ಇಟ್ಟಿಗೆ ಒತ್ತು ಕೊಟ್ಟು ತೆರೆದಿಡುವುದನ್ನು ನಿಲ್ಲಿಸಿ. ಕಾವಲಿನವರಿಗೆ ಬರಹದಲ್ಲಿ ಕೊಡಿ: ಅಲಾರಾಂ ಕೂಗಿದರೆ ಮೊದಲು ಯಾವ ಜಾಗದ್ದೆಂದು ಪ್ಯಾನೆಲ್ಲಿನಲ್ಲಿ ನೋಡಬೇಕು, ಒಬ್ಬರು ಅಲ್ಲಿಗೆ ಓಡಬೇಕು, ಬೆಂಕಿಯಿಲ್ಲವೆಂದು ಕಣ್ಣಾರೆ ಕಂಡು ಹೇಳುವ ತನಕ ಹೂಟರ್ ನಿಲ್ಲಿಸಕೂಡದು. ಈ ಸೂಚನೆ ಪಾಲಿಸಿದವನನ್ನು ಯಾವ ನಿವಾಸಿಯೂ ಬೈಯಕೂಡದು ಎಂಬುದೂ ಅದೇ ಕಾಗದದಲ್ಲಿ, ಅಧ್ಯಕ್ಷರ ಸಹಿಯ ಮೇಲ್ಭಾಗದಲ್ಲಿರಲಿ. ಅವನಿಗೆ ಬರುವ ಭಾಷೆಯಲ್ಲಿ ಬರೆಯಿರಿ. ಕನ್ನಡವಿರಬಹುದು, ಹಿಂದಿ, ಒಡಿಯಾ, ಅಸ್ಸಾಮಿಯೂ ಇರಬಹುದು.

ಆಮೇಲೆ ಒಂದು ಅಣಕು ಕಾರ್ಯಾಚರಣೆ. ಹತ್ತಿರದ ಅಗ್ನಿಶಾಮಕ ಠಾಣೆಗೆ ಒಂದು ಪತ್ರ ಬರೆದು ಕೇಳಿಕೊಂಡರೆ ಅವರು ಬಂದು ನಡೆಸಿಕೊಡುತ್ತಾರೆ, ಬೆಂಕಿ ಆರಿಸುವ ಸಿಲಿಂಡರಿನ ಪಿನ್ನು ಕಿತ್ತು ಬೆಂಕಿಯ ಬುಡಕ್ಕೆ ಹೇಗೆ ಹಾಯಿಸಬೇಕೆಂದು ನಿಮ್ಮ ಕೈಯಲ್ಲೇ ಮಾಡಿಸುತ್ತಾರೆ. ಏಪ್ರಿಲ್ 14ರ ಅಗ್ನಿಶಾಮಕ ಸೇವಾ ದಿನದವರೆಗೆ ಕಾಯುವುದು ಬೇಡ, ಈ ತಿಂಗಳ ಯಾವುದಾದರೂ ಭಾನುವಾರ ಬೆಳಿಗ್ಗೆ ಇಟ್ಟುಕೊಳ್ಳಿ. ಮನೆಕೆಲಸದವರನ್ನೂ ಡ್ರೈವರುಗಳನ್ನೂ ಸೇರಿಸಿಕೊಳ್ಳಿ. ಹೂಟರ್ ಕೂಗಿದ ಕ್ಷಣದಿಂದ ಕೊನೆಯ ಮನೆಯವರು ಪಾರ್ಕಿನ ಬಳಿ ಬಂದು ಹೆಸರು ಹೇಳುವವರೆಗೆ ಎಷ್ಟು ನಿಮಿಷವಾಯಿತು, ಯಾವ ಮನೆಯಿಂದ ಯಾರೂ ಬರಲಿಲ್ಲ, ಯಾವ ಮಹಡಿಗೆ ಸದ್ದೇ ಕೇಳಲಿಲ್ಲ ಎಂಬುದನ್ನು ಬರೆದು ಲಿಫ್ಟಿನ ಪಕ್ಕದ ನೋಟಿಸ್ ಬೋರ್ಡಿಗೆ ಹಾಕಿ. ಮೂರು ತಿಂಗಳ ನಂತರ ಮತ್ತೊಮ್ಮೆ ಮಾಡಿ, ಆ ಲೆಕ್ಕವನ್ನೂ ಅದರ ಪಕ್ಕದಲ್ಲೇ ಹಾಕಿ.


ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ನಿವಾಸಿ